ಕೆಂಪು ದೀಪಕ್ಕೆ ಕಾಯಬೇಡಿ, ಡಿಪ್‌ಸ್ಟಿಕ್ ಎಳೆದು ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹಳೆಯ ಕ್ಯಾಂಪರ್ ವ್ಯಾನ್‌ನಲ್ಲಿ ಪ್ರವಾಸ ಹೋಗುವುದರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹವನ್ನು ಆಸೆಯಿಂದ ಓದಿದೆ. ಮಡಚುವ ಹಾಸಿಗೆ, ಪುಟ್ಟ ಒಲೆ, ನೀರಿನ ಟ್ಯಾಂಕ್, ಮೇಲಿನ ಸೋಲಾರ್ ಫಲಕ, ಕಿಟಕಿಯ ಪರದೆ, ಎಲ್ಲಕ್ಕೂ ಅದರಲ್ಲಿ ಜಾಗ ಸಿಕ್ಕಿತ್ತು. ಎಂಜಿನ್ ಆಯಿಲ್ ಬಗ್ಗೆ, ಅದರ ಮಟ್ಟ ನೋಡುವ ಡಿಪ್‌ಸ್ಟಿಕ್ ಅನ್ನುವ ಕಡ್ಡಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಹಳೆಯ ಎಂಜಿನ್‌ಗಳನ್ನು ಬಿಚ್ಚಿ ಕಟ್ಟುವುದೇ ನನ್ನ ಕೆಲಸ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಪ್ರಕಟಿಸಿ.

ನನ್ನ ಬೆಂಚಿಗೆ ಬರುವ ಕ್ಯಾಂಪರ್ ಎಂಜಿನ್‌ಗಳಲ್ಲಿ ಬಹಳಷ್ಟು ವಯಸ್ಸಾಗಿ ಕೆಟ್ಟವಲ್ಲ, ಆಯಿಲ್ ಸಾಲದೆ ಕೆಟ್ಟವು. ತಿರುಗುವ ಶಾಫ್ಟ್ ಕೂರುವ ಲೋಹದ ಚಿಪ್ಪನ್ನು, ಅಂದರೆ ಬೇರಿಂಗ್ ಶೆಲ್ ಅನ್ನು, ಬಿಚ್ಚಿ ಕೈಗೆ ತೆಗೆದುಕೊಂಡರೆ ಸಾಕು, ಗೊತ್ತಾಗುತ್ತದೆ. ಬೂದು ಬಣ್ಣದ ನುಣುಪಾದ ಮೈ ಇರಬೇಕಾದ ಕಡೆ ತಾಮ್ರ ಕಾಣುತ್ತಿರುತ್ತದೆ, ಉದ್ದಕ್ಕೂ ಗೀರು ಬಿದ್ದಿರುತ್ತದೆ. ಗಾಡಿಯವರು ಪಕ್ಕದಲ್ಲೇ ನಿಂತು ನೋಡುತ್ತಾರೆ. ಹೆಚ್ಚಿನವರು ಕೇಳುವುದು ಒಂದೇ ಮಾತು: "ಕೆಂಪು ದೀಪ ಹತ್ತಿದ ಕೂಡಲೇ ನಿಲ್ಲಿಸಿದೆನಲ್ಲ, ಆದರೂ ಯಾಕೆ ಹೀಗಾಯ್ತು?"

ಅವರ ಮಾತು ನಿಜವೇ ಇರಬಹುದು. ಡ್ರೈವರ್ ಮುಂದಿನ ಫಲಕದಲ್ಲಿರುವ ಆ ಕೆಂಪು ದೀಪ ಆಯಿಲ್ ಎಷ್ಟಿದೆ ಅಂತ ಹೇಳುವುದಿಲ್ಲ, ಆಯಿಲ್ ಒತ್ತಡ ಬಿದ್ದುಹೋಗಿದೆ ಅಂತ ಹೇಳುತ್ತದೆ. ಹಳೆಯ ವ್ಯಾನ್‌ಗಳಲ್ಲಿ ಎಂಜಿನ್‌ಗೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಒತ್ತಡ ತೀರಾ ಕೆಳಗೆ, ಬಹಳ ಎಂಜಿನ್‌ಗಳಲ್ಲಿ ಅರ್ಧ ಬಾರ್‌ಗಿಂತ (ಬಾರ್ ಅಂದರೆ ಒತ್ತಡದ ಅಳತೆ) ಕೆಳಗೆ ಇಳಿದ ಮೇಲೇ ಅದು ದೀಪ ಹತ್ತಿಸುತ್ತದೆ. ರಸ್ತೆಯಲ್ಲಿ ಓಡುವಾಗ ಎಂಜಿನ್‌ಗೆ ಬೇಕಾದ ಒತ್ತಡ ಅದರ ಹಲವು ಪಟ್ಟು. ಎಂಜಿನ್‌ನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಯಾದ ಸಂಪ್‌ನಲ್ಲಿ ಆಯಿಲ್ ಇಳಿಯುತ್ತಾ ಹೋದರೂ ಆಯಿಲ್ ಪಂಪ್‌ನ ಬಾಯಿ ಮುಳುಗಿರುವ ತನಕ ಒತ್ತಡ ಸರಿಯಾಗೇ ಇರುತ್ತದೆ, ದೀಪ ಆರಿಯೇ ಇರುತ್ತದೆ. ಪಂಪ್ ಆಯಿಲ್ ಬದಲು ಗಾಳಿ ಎಳೆಯಲು ಶುರುಮಾಡಿದ ಮೇಲೆ ದೀಪ ಹತ್ತುತ್ತದೆ. 3000 ಆರ್‌ಪಿಎಂ (ನಿಮಿಷಕ್ಕೆ 3000 ಸುತ್ತು) ಎಂದರೆ ಎಂಜಿನ್‌ನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್‌ಶಾಫ್ಟ್ ಒಂದು ಸೆಕೆಂಡಿಗೆ 50 ಸುತ್ತು ತಿರುಗುತ್ತಿರುತ್ತದೆ. ಅದಕ್ಕೂ ಬೇರಿಂಗ್‌ಗೂ ನಡುವೆ ಇರುವ ಸಂದು ಮಿಲಿಮೀಟರ್‌ನ ನೂರರಲ್ಲಿ ಕೆಲವೇ ಪಾಲು. ಅಲ್ಲಿನ ಆಯಿಲ್ ಪದರ ಹರಿದರೆ ಲೋಹಕ್ಕೆ ಲೋಹ ತಾಗುತ್ತದೆ. ನೀವು ದೀಪ ನೋಡಿ, ಜಾಗ ಹುಡುಕಿ, ಪಕ್ಕಕ್ಕೆ ಹಾಕುವಷ್ಟರಲ್ಲಿ ಕೆಲಸ ಕೆಟ್ಟಿರಬಹುದು.

ಹಾಗಂತ ದೀಪ ಕೆಲಸಕ್ಕೆ ಬಾರದ್ದಲ್ಲ. ಕೀ ತಿರುಗಿಸಿದಾಗ, ಎಂಜಿನ್ ಸ್ಟಾರ್ಟ್ ಆಗುವ ಮೊದಲು, ಅದು ಹತ್ತಲೇಬೇಕು. ಹತ್ತಲಿಲ್ಲ ಅಂದರೆ ಬಲ್ಬ್ ಹೋಗಿದೆ, ಇಲ್ಲವೇ ಸ್ವಿಚ್‌ನಿಂದ ವೈರ್ ಕಳಚಿದೆ. ಹಳೆಯ ವ್ಯಾನ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ತಿರುವಿನಲ್ಲಿ ಅಥವಾ ಜೋರಾಗಿ ಬ್ರೇಕ್ ಹಾಕಿದಾಗ ದೀಪ ಒಂದು ಕ್ಷಣ ಮಿನುಗಿ ಆರಿದರೆ, ಅದನ್ನು ದಯವಿಟ್ಟು ಲೆಕ್ಕಕ್ಕೆ ತೆಗೆದುಕೊಳ್ಳಿ. ಸಂಪ್‌ನಲ್ಲಿ ಉಳಿದ ಸ್ವಲ್ಪ ಆಯಿಲ್ ಒಂದು ಬದಿಗೆ ಸರಿದು ಪಂಪ್‌ನ ಬಾಯಿ ಬರಿದಾಗುವುದರಿಂದ ಹಾಗಾಗುತ್ತದೆ. ಓಡಿಸುತ್ತಿರುವಾಗ ದೀಪ ಹತ್ತಿ ಹಾಗೇ ನಿಂತರೆ, ಸುರಕ್ಷಿತವಾಗಿ ನಿಲ್ಲಿಸಬಹುದಾದ ಮೊದಲ ಜಾಗದಲ್ಲೇ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಮುಂದಿನ ಪೆಟ್ರೋಲ್ ಬಂಕ್ ತನಕ ಹೋಗೋಣ ಅನ್ನುವುದು ಬೇಡ.

ಇದೆಲ್ಲ ಯಾವ ಹಳೆ ಗಾಡಿಗೂ ಅನ್ವಯಿಸುತ್ತದೆ, ಕ್ಯಾಂಪರ್‌ಗೆ ಮಾತ್ರ ಏನು ವಿಶೇಷ ಅಂತ ಕೇಳಬಹುದು. ವಿಶೇಷ ಇದೆ. ಒಳಗೆ ಮನೆಯೇ ಕಟ್ಟಿರುವುದರಿಂದ ವ್ಯಾನ್ ಸದಾ ಭಾರ ಹೊತ್ತಿರುತ್ತದೆ. ನೀರಿನ ಟ್ಯಾಂಕ್, ಗ್ಯಾಸ್ ಸಿಲಿಂಡರ್, ಎರಡನೇ ಬ್ಯಾಟರಿ, ಮರದ ಕಪಾಟು, ಜನ, ಸಾಮಾನು. ಎತ್ತರದ ಮೈ, ಗಾಳಿಗೆ ಎದುರಾಗಿ ಹೋಗಬೇಕು. ಎಂಜಿನ್ ಮಾತ್ರ ಚಿಕ್ಕದು. ಏರಿನಲ್ಲಿ ಗಂಟೆಗಟ್ಟಲೆ ಕೆಳ ಗೇರ್‌ನಲ್ಲಿ ಕಿರುಚಿಕೊಂಡು ಹೋಗುತ್ತದೆ. ಆಯಿಲ್ ಕಾಯುತ್ತದೆ, ತೆಳುವಾಗುತ್ತದೆ, ಪಿಸ್ಟನ್ ಸುತ್ತಲಿನ ಸವೆದ ರಿಂಗ್‌ಗಳ ಪಕ್ಕದಿಂದ ನುಗ್ಗಿ ಉರಿದುಹೋಗುತ್ತದೆ. ಪ್ರವಾಸ ಮುಗಿದ ಮೇಲೆ ಅದೇ ವ್ಯಾನ್ ತಿಂಗಳುಗಟ್ಟಲೆ ಅಲುಗಾಡದೆ ನಿಂತಿರುತ್ತದೆ. ರಬ್ಬರ್ ಸೀಲ್‌ಗಳು ಒಣಗಿ ಗಟ್ಟಿಯಾಗುತ್ತವೆ, ಆಯಿಲ್ ಮೆಲ್ಲಗೆ ಜಿನುಗುತ್ತದೆ. ಹೀಗೆ ತಿಂಗಳುಗಟ್ಟಲೆ ನಿಂತು, ಆಮೇಲೆ ಒಂದೇ ಸಲಕ್ಕೆ ವಿಪರೀತ ದುಡಿಯುವ ಗಾಡಿ ಬೇರೆ ಯಾವುದಿದೆ ಹೇಳಿ.

ಇನ್ನೊಂದು ತೊಂದರೆ, ಎಂಜಿನ್ ಎಲ್ಲಿದೆ ಅನ್ನುವುದೇ. ಫೋಕ್ಸ್‌ವ್ಯಾಗನ್ ಟೈಪ್ 2 ವ್ಯಾನ್ 1950ರಲ್ಲಿ ಬಂತು, ಅದರ ಎಂಜಿನ್ ಹಿಂದೆ. 1979ರಲ್ಲಿ ಬಂದ ಅದರ ಮೂರನೇ ಪೀಳಿಗೆಯದ್ದೂ ಹಿಂದೆಯೇ, ಹಾಸಿಗೆಯ ಅಡಿಯ ಮುಚ್ಚಳದ ಕೆಳಗೆ. ಎಷ್ಟೋ ಜನ ಹಾಸಿಗೆ ಎತ್ತಿ, ಪೆಟ್ಟಿಗೆ ಸರಿಸಿ ನೋಡಬೇಕಲ್ಲ ಅಂತ ಬೇಸರಪಟ್ಟು ಬಿಟ್ಟುಬಿಡುತ್ತಾರೆ. ಆದರೆ ಆ ಪೀಳಿಗೆಯ ಪೆಟ್ರೋಲ್ ವ್ಯಾನ್‌ಗಳಲ್ಲಿ ಹಿಂದಿನ ನಂಬರ್ ಪ್ಲೇಟ್ ಇರುವ ಫಲಕವನ್ನು ಕೆಳಕ್ಕೆ ಮಡಚಿದರೆ ಡಿಪ್‌ಸ್ಟಿಕ್ಕೂ ಆಯಿಲ್ ಹಾಕುವ ಬಾಯಿಯೂ ಅಲ್ಲೇ ಸಿಗುತ್ತವೆ. ವರ್ಷಗಟ್ಟಲೆ ಅದೇ ವ್ಯಾನ್ ಇಟ್ಟುಕೊಂಡವರಿಗೂ ಇದು ಗೊತ್ತಿಲ್ಲದ್ದನ್ನು ನೋಡಿದ್ದೇನೆ. ಕೆಲವು ಹಳೆಯ ಜಪಾನಿ ವ್ಯಾನ್‌ಗಳಲ್ಲಿ ಎಂಜಿನ್ ಮುಂದಿನ ಸೀಟಿನ ಅಡಿಗೆ ಇರುತ್ತದೆ, ಸೀಟು ಎತ್ತಬೇಕು. ಗಾಡಿ ಕೈಗೆ ಬಂದ ದಿನವೇ ಡಿಪ್‌ಸ್ಟಿಕ್ ಎಲ್ಲಿದೆ ಅಂತ ಹುಡುಕಿಟ್ಟುಕೊಳ್ಳಿ. ಕತ್ತಲಲ್ಲಿ, ಮಳೆಯಲ್ಲಿ ಹುಡುಕುವುದು ಕಷ್ಟ.

ಈಗ ನೋಡುವ ಕ್ರಮ. ಗಾಡಿ ಸಮತಟ್ಟಾದ ನೆಲದ ಮೇಲಿರಬೇಕು. ಇದು ಎಲ್ಲರಿಗೂ ಗೊತ್ತು, ಆದರೆ ಕ್ಯಾಂಪರ್‌ನವರು ಇದರಲ್ಲೇ ಮೋಸ ಹೋಗುತ್ತಾರೆ. ರಾತ್ರಿ ಮಲಗಲು ಅನುಕೂಲವಾಗಲಿ ಅಂತ ಚಕ್ರದ ಕೆಳಗೆ ರ‍್ಯಾಂಪ್ ಇಡುತ್ತಾರೆ. ಹಾಸಿಗೆ ಮಟ್ಟವಾಯಿತು ಅಂದರೆ ಎಂಜಿನ್ನೂ ಮಟ್ಟವಾಯಿತು ಅಂತಲ್ಲ. ರ‍್ಯಾಂಪ್ ಎಷ್ಟು ಎತ್ತರ, ನೆಲ ಎತ್ತ ಕಡೆ ಇಳಿಜಾರು, ಇದರ ಮೇಲೆ ಡಿಪ್‌ಸ್ಟಿಕ್‌ನಲ್ಲಿ ಕಾಣುವ ಮಟ್ಟ ಬದಲಾಗುತ್ತದೆ. ರ‍್ಯಾಂಪ್‌ನಿಂದ ಇಳಿಸಿ, ಸಪಾಟಾದ ರಸ್ತೆಗೆ ತಂದು ನೋಡಿ. ಹ್ಯಾಂಡ್ ಬ್ರೇಕ್ ಹಾಕಿರಲಿ, ಎಂಜಿನ್ ಆಫ್ ಆಗಿರಲಿ.

ಯಾವಾಗ ನೋಡಬೇಕು? ಬಹುತೇಕ ಹಳೆಯ ಎಂಜಿನ್‌ಗಳಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ನೋಡುವುದು ಒಳ್ಳೆಯದು. ರಾತ್ರಿಯೆಲ್ಲ ನಿಂತಿರುವುದರಿಂದ ಆಯಿಲ್ ಪೂರ್ತಿ ಸಂಪ್‌ಗೆ ಇಳಿದಿರುತ್ತದೆ. ಓಡಿಸಿದ ಮೇಲೆ ನೋಡುವುದಾದರೆ ಎಂಜಿನ್ ಆಫ್ ಮಾಡಿ ಕನಿಷ್ಠ 5ರಿಂದ 10 ನಿಮಿಷ ಬಿಡಿ. ಬಿಸಿ ಇರುವಾಗಲೇ ನೋಡಬೇಕು ಅಂತ ಹೇಳುವ ಕೈಪಿಡಿಗಳೂ ಇವೆ. ನಿಮ್ಮ ಗಾಡಿಯ ಕೈಪಿಡಿ ಏನು ಹೇಳುತ್ತದೋ ಅದನ್ನೇ ಮಾಡಿ. ಮುಖ್ಯವಾದದ್ದು ಪ್ರತಿ ಸಲವೂ ಒಂದೇ ಥರ ನೋಡುವುದು. ಒಂದು ದಿನ ತಣ್ಣಗೆ, ಇನ್ನೊಂದು ದಿನ ಬಿಸಿ ನೋಡಿದರೆ ಹೋಲಿಸಲು ಬರುವುದಿಲ್ಲ.

ಡಿಪ್‌ಸ್ಟಿಕ್ ಎಳೆಯಿರಿ. ಮೊದಲ ಸಲ ಕಾಣುವ ಮಟ್ಟವನ್ನು ನಂಬಬೇಡಿ, ಕೊಳವೆಯ ಗೋಡೆಗೆ ಹತ್ತಿದ ಆಯಿಲ್ ಕಡ್ಡಿಗೆಲ್ಲ ಮೆತ್ತಿರುತ್ತದೆ. ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಕೂರುವ ತನಕ ತಳ್ಳಿ, ಮತ್ತೆ ಎಳೆಯಿರಿ. ಎರಡೂ ಮೈ ನೋಡಿ. ಒಂದರಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಕಂಡರೆ ಕಡಿಮೆ ಇರುವುದನ್ನೇ ಹಿಡಿಯಿರಿ. ಕಡ್ಡಿಯ ಮೇಲಿನ ಎರಡು ಗುರುತಿನ (ಕನಿಷ್ಠ, ಗರಿಷ್ಠ) ನಡುವೆ ಇದ್ದರೆ ಸರಿ. ಹೊಸ ಆಯಿಲ್ ತಿಳಿಯಾಗಿರುವುದರಿಂದ ಕಾಣುವುದೇ ಇಲ್ಲ, ಆಗ ಕಡ್ಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹಳೆಯ ವ್ಯಾನ್‌ಗಳಲ್ಲಿ ಕೊಳವೆಯ ಬಾಯಿಗಿರುವ ಪ್ಲಾಸ್ಟಿಕ್ ಬಿಸಿಗೆ ಒಣಗಿ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಎಳೆಯುವಾಗ ಜೋಪಾನ, ತುಂಡು ಒಳಗೆ ಬೀಳಬಾರದು.

ಇಲ್ಲಿ ಒಂದು ವಿಷಯವನ್ನು ನಾನು ಒತ್ತಿ ಹೇಳಬೇಕು, ಯಾಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ನಲವತ್ತು ವರ್ಷ ಹಳೆಯ ವ್ಯಾನ್‌ನಲ್ಲಿರುವ ಡಿಪ್‌ಸ್ಟಿಕ್ ಆ ಎಂಜಿನ್‌ದೇ ಆಗಿರಬೇಕು ಅಂತೇನಿಲ್ಲ. ಕಳೆದುಹೋದಾಗ ಯಾರೋ ಬೇರೆ ಗಾಡಿಯದ್ದನ್ನು ತೂರಿಸಿರುತ್ತಾರೆ. ಎಂಜಿನ್ನೇ ಬದಲಾಗಿರುತ್ತದೆ, ಕಡ್ಡಿ ಹಳೆಯದು ಉಳಿದಿರುತ್ತದೆ. ಅದರ ಗುರುತುಗಳು ಸುಳ್ಳು ಹೇಳುತ್ತವೆ. ಮುಂದಿನ ಸಲ ಆಯಿಲ್ ಬದಲಿಸುವಾಗ ಒಂದು ಪರೀಕ್ಷೆ ಮಾಡಿಸಿ. ಹಳೆಯದು ಪೂರ್ತಿ ಇಳಿಸಿ, ಫಿಲ್ಟರ್ ಇದ್ದರೆ ಹೊಸದು ಹಾಕಿ, ಕೈಪಿಡಿಯಲ್ಲಿ ಹೇಳಿದಷ್ಟನ್ನೇ ಅಳೆದು ತುಂಬಿಸಿ. ಎಂಜಿನ್ ಒಂದೆರಡು ನಿಮಿಷ ಓಡಿಸಿ ನಿಲ್ಲಿಸಿ, ಆಯಿಲ್ ಇಳಿದ ಮೇಲೆ ಕಡ್ಡಿ ಎಳೆಯಿರಿ. ಮಟ್ಟ ಮೇಲಿನ ಗುರುತಿನ ಹತ್ತಿರ ಇರಬೇಕು. ಇಲ್ಲದಿದ್ದರೆ ಆ ಕಡ್ಡಿ ನಂಬಲು ತಕ್ಕದ್ದಲ್ಲ. ಸರಿಯಾದದ್ದು ಸಿಗುವ ತನಕ ನಿಜವಾದ ಮಟ್ಟಕ್ಕೆ ಅರದಿಂದ ಒಂದು ಸಣ್ಣ ಗೀರು ಹಾಕಿಕೊಳ್ಳಿ.

ಕಡಿಮೆ ಇದ್ದರೆ ಎಷ್ಟು ಹಾಕಬೇಕು? ಬಹಳ ಎಂಜಿನ್‌ಗಳಲ್ಲಿ ಕೆಳಗಿನ ಗುರುತಿಗೂ ಮೇಲಿನದಕ್ಕೂ ಸುಮಾರು 1 ಲೀಟರ್ ವ್ಯತ್ಯಾಸ. ಇದು ಎಷ್ಟು ದೊಡ್ಡದು ಅನ್ನುವುದು ಎಂಜಿನ್ ಎಷ್ಟು ಹಿಡಿಯುತ್ತದೆ ಅನ್ನುವುದರ ಮೇಲೆ. 5-6 ಲೀಟರ್ ಹಿಡಿಯುವ ಡೀಸೆಲ್ ಎಂಜಿನ್‌ಗೆ 1 ಲೀಟರ್ ಹೋದರೆ ಇನ್ನೂ ಉಸಿರಾಡಲು ಜಾಗ ಇದೆ. ಫೋಕ್ಸ್‌ವ್ಯಾಗನ್‌ನ ಗಾಳಿಯಿಂದ ತಣಿಯುವ 1600 ಸಿಸಿ ಎಂಜಿನ್ ಹಿಡಿಯುವುದೇ ಎರಡೂವರೆ ಲೀಟರ್. ಅದಕ್ಕೆ ಆಯಿಲ್ ಫಿಲ್ಟರ್ ಕೂಡ ಇಲ್ಲ, ಒಂದು ತಂತಿ ಜಾಲರಿ ಮಾತ್ರ. ರೇಡಿಯೇಟರ್ ಇಲ್ಲದ್ದರಿಂದ ಬಿಸಿ ಹೊರಹಾಕುವ ಕೆಲಸದಲ್ಲಿ ದೊಡ್ಡ ಪಾಲು ಈ ಆಯಿಲ್‌ನದೇ. ಒಂದು ಲೀಟರ್ ಕಡಿಮೆಯಾದರೆ ಉಳಿದ ಒಂದೂವರೆ ಲೀಟರ್ ಅಷ್ಟೂ ಕೆಲಸ ಮಾಡಬೇಕು. ಇನ್ನೂ ಬಿಸಿಯಾಗುತ್ತದೆ, ಇನ್ನೂ ತೆಳುವಾಗುತ್ತದೆ. ಇಂಥ ಎಂಜಿನ್ ಇರುವವರು ದಿನವೂ ಬೆಳಿಗ್ಗೆ ನೋಡಿದರೂ ಜಾಸ್ತಿಯಾಗಲಿಲ್ಲ. ಮಿಕ್ಕವರು ಇಂಧನ ತುಂಬಿಸುವ ಪ್ರತಿ ಸಲವಾದರೂ ನೋಡಲಿ. ಉದ್ದದ ಏರು ಹತ್ತುವ ಮುಂಚೆ ಖಂಡಿತ ನೋಡಲಿ.

ಹಾಕುವಾಗ ಅವಸರ ಬೇಡ. ಆಲಿಕೆ ಇಟ್ಟು, ಒಂದು ಸಲಕ್ಕೆ ಕಾಲು ಲೀಟರ್. ಕೆಲವು ನಿಮಿಷ ಬಿಟ್ಟು ಮತ್ತೆ ಕಡ್ಡಿ ನೋಡಿ. ಬಾಟಲಿಯಲ್ಲಿ ಉಳಿದದ್ದನ್ನು ಸುಮ್ನೆ ಖಾಲಿ ಮಾಡೋಣ ಅಂತ ಸುರಿಯಬೇಡಿ. ಮೇಲಿನ ಗುರುತು ದಾಟಿದರೆ ಅದೂ ಅಪಾಯವೇ. ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ನೊರೆ ಪಂಪ್‌ಗೆ ಸೇರಿದರೆ ಒತ್ತಡ ಬೀಳುತ್ತದೆ, ಸೀಲ್‌ಗಳು ಸೋರಲು ಶುರುವಾಗುತ್ತವೆ. ಡೀಸೆಲ್ ಎಂಜಿನ್‌ನಲ್ಲಿ ತೀರಾ ಹೆಚ್ಚಾದ ಆಯಿಲ್, ಎಂಜಿನ್ ಒಳಗಿನ ಆವಿಯನ್ನು ಹೊರಬಿಡುವ ಬ್ರೀದರ್ ಪೈಪ್‌ನಿಂದ ಗಾಳಿಯ ದಾರಿಗೆ ಸೇರಿ, ಎಂಜಿನ್ ಅದನ್ನೇ ಇಂಧನ ಮಾಡಿಕೊಂಡು ಕೀ ತೆಗೆದರೂ ನಿಲ್ಲದೆ ಓಡಬಹುದು. ಹೆಚ್ಚಾಗಿದ್ದರೆ ಓಡಿಸುವ ಮೊದಲೇ ಸ್ವಲ್ಪ ಇಳಿಸಿ. ಹೊರಗೆ ಚೆಲ್ಲಿದ್ದನ್ನು ಒರೆಸಿ, ಅದರಲ್ಲೂ ಸೈಲೆನ್ಸರ್ ಪೈಪ್ ಮೇಲೆ ಬಿದ್ದದ್ದನ್ನು. ಮುಚ್ಚಳ ಬಿಗಿಯಾಯಿತಾ ಅಂತ ಕೈಯಿಟ್ಟು ನೋಡಿ. ಒರೆಸಿದ ಬಟ್ಟೆಯನ್ನು ಒಲೆಯ ಹತ್ತಿರದ ಕಪಾಟಿಗೆ ತುರುಕಬೇಡಿ.

ಯಾವ ಆಯಿಲ್ ಅನ್ನುವ ಪ್ರಶ್ನೆಗೆ ಜನ ಜಗಳವನ್ನೇ ಆಡುತ್ತಾರೆ. ನನ್ನ ಅಭಿಪ್ರಾಯ ಸರಳ. ಕೈಪಿಡಿ ಹೇಳಿದ ದಪ್ಪದ್ದು ಹಾಕಿ. ಹಳೆಯ ಪೆಟ್ರೋಲ್ ಎಂಜಿನ್‌ಗಳಿಗೆ ಹೆಚ್ಚಾಗಿ 20ಡಬ್ಲ್ಯೂ-50, ಹಳೆಯ ಡೀಸೆಲ್‌ಗಳಿಗೆ 15ಡಬ್ಲ್ಯೂ-40 ಬಳಕೆಯಲ್ಲಿವೆ. ಮೊದಲ ಅಂಕಿ ಚಳಿಯಲ್ಲಿ ಹೇಗೆ ಹರಿಯುತ್ತದೆ ಅನ್ನುವುದಕ್ಕೆ, ಎರಡನೆಯದು ಎಂಜಿನ್ ಕಾದಾಗ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದಕ್ಕೆ. ಡಬ್ಬದ ಮೇಲೆ ಆಯಿಲ್‌ನ ಗುಣಮಟ್ಟ ಹೇಳುವ ಎಪಿಐ ಗುರುತಿನ ಪಕ್ಕ ಎಸ್‌ನಿಂದ ಶುರುವಾಗುವ ಅಕ್ಷರ ಪೆಟ್ರೋಲ್‌ಗೆ, ಸಿಯಿಂದ ಶುರುವಾಗುವುದು ಡೀಸೆಲ್‌ಗೆ. ಹೊಸ ಕಾರುಗಳ ತೆಳು ಆಯಿಲ್ ದುಬಾರಿ, ಆದ್ದರಿಂದ ಒಳ್ಳೆಯದು ಅಂತ ಹಳೆಯ ಎಂಜಿನ್‌ಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಸವೆದ ಸಂದುಗಳಲ್ಲಿ ಅದು ಒತ್ತಡ ಹಿಡಿಯುವುದಿಲ್ಲ. ಅಲ್ಲದೆ ಹೊಗೆ ಶುದ್ಧಮಾಡುವ ಕೆಟಲಿಟಿಕ್ ಕನ್ವರ್ಟರ್ ಕೆಡಬಾರದು ಅಂತ ಅಂಥ ಆಯಿಲ್‌ಗಳಲ್ಲಿ ಜಿಂಕ್, ಫಾಸ್ಫರಸ್ ಇರುವ ಸೇರ್ಪಡೆ ಕಡಿಮೆ ಮಾಡಿದ್ದಾರೆ. ವಾಲ್ವ್‌ಗಳನ್ನು ತೆರೆಯುವ ಹಳೆಯ ಕ್ಯಾಮ್‌ಶಾಫ್ಟ್‌ಗಳನ್ನು ಸವೆಯದಂತೆ ಕಾಯುವುದೇ ಅದು. ಆದರೆ ದಾರಿಯಲ್ಲಿ ಕಡಿಮೆಯಾಗಿ, ನಿಮ್ಮದು ಸಿಗದಿದ್ದರೆ ಬೇರೆ ಬ್ರ್ಯಾಂಡಿನ ಎಂಜಿನ್ ಆಯಿಲ್ ಸ್ವಲ್ಪ ಬೆರೆತರೆ ಏನೂ ಆಗುವುದಿಲ್ಲ. ಆಯಿಲ್ ಇಲ್ಲದೆ ಓಡಿಸುವುದಕ್ಕಿಂತ ಅದು ಎಷ್ಟೋ ವಾಸಿ. ಗೇರ್ ಆಯಿಲ್, ಬ್ರೇಕ್ ಆಯಿಲ್ ಮಾತ್ರ ಎಂದೂ ಬೇಡ. ಎಲ್ಲ ಬಾಟಲಿಗಳೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಮೇಲೆ ದೊಡ್ಡದಾಗಿ ಬರೆದಿಡಿ. ಒಂದು ಲೀಟರ್ ಸರಿಯಾದ ಆಯಿಲ್ ಗಾಡಿಯಲ್ಲೇ ಸದಾ ಇರಲಿ.

ಕಡ್ಡಿ ಮಟ್ಟವನ್ನಷ್ಟೇ ಅಲ್ಲ, ಇನ್ನೂ ಬಹಳ ಹೇಳುತ್ತದೆ. ಮೂಗಿನ ಹತ್ತಿರ ಹಿಡಿಯಿರಿ. ಪೆಟ್ರೋಲ್ ವಾಸನೆ ಬಂದು, ಹಾಕದಿದ್ದರೂ ಮಟ್ಟ ಏರಿದ್ದರೆ, ಇಂಧನ ಸಂಪ್‌ಗೆ ಇಳಿಯುತ್ತಿದೆ. ಫ್ಯುಯೆಲ್ ಪಂಪ್‌ನ ಪೊರೆ ಹರಿದಿರಬಹುದು, ಕಾರ್ಬುರೇಟರ್ ಉಕ್ಕುತ್ತಿರಬಹುದು. ಮಟ್ಟ ಏರಿತು ಅಂತ ಸಮಾಧಾನಪಡಬೇಡಿ, ಅಂಥ ಆಯಿಲ್‌ಗೆ ಜಿಡ್ಡೇ ಇರುವುದಿಲ್ಲ, ಸ್ಟಾರ್ಟ್ ಮಾಡಲೇಬೇಡಿ. ನೀರಿನಿಂದ ತಣಿಯುವ ಎಂಜಿನ್‌ನಲ್ಲಿ ಆಯಿಲ್ ಬೆಳ್ಳಗೆ ಕೆನೆಯಂತಾಗಿ, ಕೂಲಂಟ್ ಕೂಡ ಕಡಿಮೆಯಾಗುತ್ತಿದ್ದರೆ ನೀರು, ಆಯಿಲ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ನೋಡಿಸಬೇಕು. ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಕೆನೆ ಕಂಡರೆ ಅಷ್ಟು ಗಾಬರಿ ಬೇಡ, ಚಳಿಯಲ್ಲಿ ಬರೀ ಸಣ್ಣ ಓಡಾಟ ಮಾಡಿದಾಗ ಒಳಗಿನ ತೇವ ಹಾಗೆ ಕೂರುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಬೇಗ ಕಪ್ಪಾಗುವುದು ಸಹಜ.

ಆಯಿಲ್ ಎಲ್ಲಿ ಹೋಗುತ್ತಿದೆ ಅನ್ನುವುದಕ್ಕೆ ಎರಡೇ ದಾರಿ, ಸೋರುವುದು ಅಥವಾ ಉರಿಯುವುದು. ರಾತ್ರಿ ಎಂಜಿನ್ ಕೆಳಗೆ ರಟ್ಟು ಹಾಸಿಟ್ಟರೆ ಬೆಳಿಗ್ಗೆ ಹನಿ ಬಿದ್ದ ಜಾಗ ಗೊತ್ತಾಗುತ್ತದೆ. ಉದ್ದನೆಯ ಇಳಿಜಾರು ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್ ಮೇಲೆ ಅನುಮಾನ. ಭಾರ ಎಳೆಯುವಾಗಲೆಲ್ಲ ಬಂದರೆ ರಿಂಗ್ ಮೇಲೆ. 1000 ಕಿ.ಮೀ.ಗೆ ಅರ್ಧ ಲೀಟರ್ ಕುಡಿದರೂ ಸಹಜ ಅಂತ ಕೆಲವು ಕಂಪನಿಗಳೇ ಕೈಪಿಡಿಯಲ್ಲಿ ಬರೆಯುತ್ತವೆ. ಹಾಗಾಗಿ ಕುಡಿಯುವುದೇ ರೋಗವಲ್ಲ, ಕುಡಿಯುವ ಪ್ರಮಾಣ ಇದ್ದಕ್ಕಿದ್ದಂತೆ ಬದಲಾಗುವುದು ರೋಗದ ಲಕ್ಷಣ. ಅದು ತಿಳಿಯಬೇಕಾದರೆ ಬರೆದಿಡಬೇಕು. ದಿನಾಂಕ, ಕಿಲೋಮೀಟರ್, ಹಾಕಿದ ಆಯಿಲ್, ಇಷ್ಟು ಒಂದು ಸಣ್ಣ ಪುಸ್ತಕದಲ್ಲಿ ಸಾಕು. ಟಾಪ್ ಅಪ್ ಮಾಡುತ್ತಲೇ ಇದ್ದೇನಲ್ಲ, ಬದಲಿಸುವುದು ಯಾಕೆ ಅನ್ನುವವರಿಗೂ ಒಂದು ಮಾತು. ಹಳೆಯ ಕೊಳೆ ಒಳಗೇ ಉಳಿದಿರುತ್ತದೆ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ನಿಲ್ಲಿಸುವ ಮೊದಲೇ ಆಯಿಲ್ ಬದಲಿಸಿ. ಉರಿದ ಇಂಧನದ ಆಮ್ಲ, ತೇವ ಸೇರಿದ ಆಯಿಲ್‌ನಲ್ಲಿ ಬೇರಿಂಗ್‌ಗಳನ್ನು ನೆನೆಸಿಡುವುದು ಒಳ್ಳೆಯದಲ್ಲ. ಇಳಿಸಿದ್ದನ್ನು ಮಣ್ಣಿಗೋ ಚರಂಡಿಗೋ ಸುರಿಯದೆ, ಬಳಸಿದ ಆಯಿಲ್ ತೆಗೆದುಕೊಳ್ಳುವವರಿಗೇ ಕೊಡಿ. ಕೈಗೆ ಗ್ಲೌಸ್ ಇರಲಿ, ಬಳಸಿದ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ.

ಕೊನೆಯದಾಗಿ, ಹಳೆಯ ಕ್ಯಾಂಪರ್‌ಗಳನ್ನು ಬಾಡಿಗೆಗೆ ಕೊಡುವವರಿಗೆ, ಮಾರುವವರಿಗೆ ನಿಮ್ಮ ಪತ್ರಿಕೆಯ ಮೂಲಕ ಒಂದು ಬೇಡಿಕೆ ಇಡುತ್ತೇನೆ. ಗಾಡಿ ಒಪ್ಪಿಸುವಾಗ ಒಲೆ ಹಚ್ಚುವುದನ್ನು, ಹಾಸಿಗೆ ಬಿಡಿಸುವುದನ್ನು, ನೀರು ತುಂಬಿಸುವುದನ್ನು ತಾಳ್ಮೆಯಿಂದ ತೋರಿಸುತ್ತೀರಿ. ಡಿಪ್‌ಸ್ಟಿಕ್ ತೋರಿಸುವುದಿಲ್ಲ. ಆ ಗಾಡಿ ಆಯಿಲ್ ಕುಡಿಯುತ್ತದೆ ಅಂತ ನಿಮಗೆ ಗೊತ್ತಿರುತ್ತದೆ, ತೆಗೆದುಕೊಂಡು ಹೋಗುವವರಿಗೆ ಗೊತ್ತಿರುವುದಿಲ್ಲ. ಆಮೇಲೆ ಎಂಜಿನ್ ಸೀಜ್ ಆದರೆ (ಬಿಗಿದು ನಿಂತರೆ) ಅವರದೇ ತಪ್ಪು ಅನ್ನುವುದು ಅನ್ಯಾಯ ಅಲ್ವಾ? ನಾಲ್ಕು ಸಾಲು ಬರೆದು ಡ್ರೈವರ್ ಬಾಗಿಲಿನ ಒಳಗೆ ಅಂಟಿಸಿ: ಡಿಪ್‌ಸ್ಟಿಕ್ ಎಲ್ಲಿದೆ, ಯಾವ ಆಯಿಲ್, 1000 ಕಿ.ಮೀ.ಗೆ ಎಷ್ಟು ಕುಡಿಯುತ್ತದೆ, ಕೊನೆಯ ಸಲ ಯಾವಾಗ ಬದಲಿಸಿದ್ದು. ಕೀ ಕೊಡುವ ಮೊದಲು ಅವರ ಕೈಯಲ್ಲೇ ಒಂದು ಸಲ ಕಡ್ಡಿ ಎಳೆಸಿ. ಬಾಡಿಗೆಗೆ ತೆಗೆದುಕೊಳ್ಳುವವರೂ ಇದನ್ನು ಕೇಳಿ ಪಡೆಯಲಿ, ತೋರಿಸಲು ಒಪ್ಪದವರ ಗಾಡಿಯನ್ನು ಬಿಟ್ಟುಬಿಡಲಿ.

ಇಂತಿ ನಿಮ್ಮ ಓದುಗ,
ಒಬ್ಬ ಎಂಜಿನ್ ಮೆಕ್ಯಾನಿಕ್